ಬಾವಲಿಗಳ ನಿರ್ಗಮನ ಗಣತಿ

ನಿರ್ಗಮನ ಗಣತಿ ಎಂಬುದು ಬಾವಲಿಗಳು ಮುಸ್ಸಂಜೆಯಲ್ಲಿ ತಂಗುದಾಣದಿಂದ ಹೊರಹಾರುವಾಗ ಅವುಗಳನ್ನು ಎಣಿಸುವ ಸಮೀಕ್ಷಾ ವಿಧಾನ. ಗುಹೆ, ಮರದ ಪೊಟರೆ, ಪಾಳು ಕಟ್ಟಡ ಮುಂತಾದ ತಾಣಗಳ ಒಳಹೊಕ್ಕು ಎಣಿಸಿದರೆ ಬಾವಲಿಗಳು ಬೆದರುತ್ತವೆ. ಮರಿಗಳು ಕೆಳಗೆ ಬೀಳುವ ಅಪಾಯವೂ ಇದೆ. ಆದ್ದರಿಂದ ಹೊರಗೆ ನಿಂತು ಎಣಿಸುವ ಈ ವಿಧಾನವನ್ನು ಅನುಸರಿಸಲಾಗುತ್ತದೆ.

ವಿಧಾನ

ಹಗಲಿನಲ್ಲಿಯೇ ಹಿಕ್ಕೆ ಮತ್ತು ಕಲೆಗಳ ನೆರವಿನಿಂದ ನಿರ್ಗಮನ ದ್ವಾರಗಳನ್ನು ಗುರುತಿಸಿ, ಪ್ರತಿಯೊಂದಕ್ಕೂ ಒಬ್ಬ ವೀಕ್ಷಕರನ್ನು ನೇಮಿಸಲಾಗುತ್ತದೆ. ಬಾವಲಿಗಳು ಆಕಾಶದ ಹಿನ್ನೆಲೆಯಲ್ಲಿ ಕಾಣುವಂತೆ, ಹಾರಾಟದ ದಾರಿಗೆ ಅಡ್ಡವಾಗದ ಸ್ಥಳದಲ್ಲಿ ವೀಕ್ಷಕರು ನಿಲ್ಲುತ್ತಾರೆ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಸೂರ್ಯಾಸ್ತಕ್ಕೆ 15 ನಿಮಿಷ ಮೊದಲು ಎಣಿಕೆಯನ್ನು ಆರಂಭಿಸಿ, ಸೂರ್ಯಾಸ್ತದ ನಂತರ ಸುಮಾರು ಒಂದೂವರೆ ಗಂಟೆಯವರೆಗೆ ಮುಂದುವರಿಸುತ್ತಾರೆ. ಹೊರಬಂದವುಗಳ ಸಂಖ್ಯೆಯಿಂದ ಒಳಗೆ ಮರಳಿದವುಗಳ ಸಂಖ್ಯೆಯನ್ನು ಕಳೆಯಲಾಗುತ್ತದೆ. ಉಷ್ಣಾಂಶ, ಗಾಳಿ ಮತ್ತು ಮೋಡದ ಸ್ಥಿತಿಯನ್ನೂ ದಾಖಲಿಸಲಾಗುತ್ತದೆ. ಬಿಳಿ ಬೆಳಕು ನಿರ್ಗಮನವನ್ನು ವಿಳಂಬಗೊಳಿಸುವುದರಿಂದ ದ್ವಾರದ ಮೇಲೆ ಟಾರ್ಚ್ ಹಾಯಿಸುವುದಿಲ್ಲ.

ಉಪಕರಣಗಳು

ಬ್ಯಾಟ್ ಡಿಟೆಕ್ಟರ್ ಉಪಕರಣವು ಮನುಷ್ಯರ ಕಿವಿಗೆ ಕೇಳಿಸದ ಶ್ರವಣಾತೀತ ಧ್ವನಿಯನ್ನು ಕೇಳುವಂತೆ ಮಾಡುತ್ತದೆ. ಇದು ಪ್ರಭೇದವನ್ನು ಗುರುತಿಸಲು ನೆರವಾಗುತ್ತದೆಯೇ ಹೊರತು ಸಂಖ್ಯೆಯನ್ನು ತಿಳಿಸುವುದಿಲ್ಲ. ಒಂದೇ ಬಾವಲಿ ಮೂರು ಬಾರಿ ಹಾದುಹೋದರೆ ಮೂರು ಧ್ವನಿಮುದ್ರಣಗಳು ದೊರೆಯುತ್ತವೆ. ಕತ್ತಲಾದ ಮೇಲೆ ಅವಗೆಂಪು ಅಥವಾ ಉಷ್ಣಚಿತ್ರಣ ಕ್ಯಾಮೆರಾಗಳನ್ನು ಬಳಸಲಾಗುತ್ತದೆ. ಇವುಗಳ ದೃಶ್ಯಗಳನ್ನು ನಿಧಾನಗತಿಯಲ್ಲಿ ನೋಡಿ ಮರುಎಣಿಕೆ ಮಾಡಬಹುದು.

ನಿಖರತೆ

ಅಮೆರಿಕದ ನೈಋತ್ಯ ಭಾಗದ ಆರು ಪ್ರಮುಖ ಗುಹೆಗಳಲ್ಲಿದ್ದ ಬ್ರೆಜಿಲಿಯನ್ ಮುಕ್ತಬಾಲದ ಬಾವಲಿಗಳ ಸಂಖ್ಯೆಯನ್ನು 1957ರಲ್ಲಿ 5.4 ಕೋಟಿ ಎಂದು ಅಂದಾಜಿಸಲಾಗಿತ್ತು. 2008ರಲ್ಲಿ ಪ್ರಕಟವಾದ ಉಷ್ಣಚಿತ್ರಣ ಅಧ್ಯಯನವು ಈ ಸಂಖ್ಯೆಯನ್ನು ಸುಮಾರು 40 ಲಕ್ಷ ಎಂದು ತಿಳಿಸಿತು. ಎರಡೂ ಅಂದಾಜುಗಳ ವಿಧಾನಗಳು ಬೇರೆಯಾಗಿರುವುದರಿಂದ ಈ ಅಂತರವನ್ನೆಲ್ಲ ಸಂತತಿಯ ಕುಸಿತವೆಂದು ಪರಿಗಣಿಸಲಾಗದು. ವರ್ಷದಿಂದ ವರ್ಷಕ್ಕೆ ಹೋಲಿಸಬೇಕಾದರೆ ಅದೇ ಋತುವಿನಲ್ಲಿ, ಅದೇ ಸ್ಥಾನದಿಂದ, ಅದೇ ವಿಧಾನದಲ್ಲಿ ಎಣಿಸಬೇಕಾಗುತ್ತದೆ. ಇನ್ನೂ ಹಾರಲಾರದ ಮರಿಗಳು ಒಳಗೇ ಉಳಿಯುವುದರಿಂದ ಅವು ಈ ಲೆಕ್ಕಕ್ಕೆ ಸೇರುವುದಿಲ್ಲ.

ಕರ್ನಾಟಕದಲ್ಲಿ ಪ್ರಾಮುಖ್ಯ

ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಗುಹೆಯಲ್ಲಿ ವಾಸಿಸುವ ಕೋಲಾರದ ಎಲೆಮೂಗಿನ ಬಾವಲಿಯು ತೀವ್ರ ಅಪಾಯದಂಚಿನಲ್ಲಿರುವ ಪ್ರಭೇದವಾಗಿದ್ದು, ಇದರ ಸಂಖ್ಯೆ 200ಕ್ಕಿಂತ ಕಡಿಮೆ ಎಂದು ಅಂದಾಜಿಸಲಾಗಿದೆ. ಇಷ್ಟು ಚಿಕ್ಕ ಸಮೂಹದಲ್ಲಿ ಮರಳಿ ಬಂದ ಇಪ್ಪತ್ತು ಬಾವಲಿಗಳನ್ನು ಎರಡನೆಯ ಬಾರಿ ಎಣಿಸಿದರೂ ಶೇಕಡಾ 10ಕ್ಕೂ ಹೆಚ್ಚಿನ ಕುಸಿತವು ಗಮನಕ್ಕೆ ಬಾರದೆ ಹೋಗಬಹುದು. ಗುಹೆಯಲ್ಲಿ ಇದೇ ಕುಲದ ಬೇರೆ ಪ್ರಭೇದಗಳೂ ಇರುವುದರಿಂದ ಕಣ್ಣೆಣಿಕೆಯೊಂದಿಗೆ ಧ್ವನಿಮುದ್ರಣವೂ ಅಗತ್ಯವಾಗುತ್ತದೆ.