ಚೀನದಲ್ಲಿ ಮೂರು ಬೋಧೆಗಳು

ಚೀನದ ಲೂಶಾನ್ ಪರ್ವತದಲ್ಲಿ ನೆಲೆಸಿದ್ದ ಬೌದ್ಧ ಭಿಕ್ಷು ಹುಯಿಯುವಾನ್ (334–416) ಅತಿಥಿಗಳನ್ನು ಬೀಳ್ಕೊಡುವಾಗ ಹುಲಿತೊರೆಯನ್ನು ಎಂದೂ ದಾಟುತ್ತಿರಲಿಲ್ಲವೆಂದು ಐತಿಹ್ಯವಿದೆ. ಒಮ್ಮೆ ಕನ್‌ಫ್ಯೂಷಿಯಸ್ ಮಾರ್ಗದ ಪ್ರತಿನಿಧಿಯೆನಿಸಿದ ಕವಿ ತಾವೋ ಯುವಾನ್‌ಮಿಂಗ್ ಮತ್ತು ತಾವೋ ಪಂಥದ ಲು ಶ್ಯೂಜಿಂಗ್ ಇವರೊಡನೆ ಮಾತಿನಲ್ಲಿ ಮೈಮರೆತು ತೊರೆಯನ್ನು ದಾಟಿಬಿಟ್ಟನು. ಅರಿವಾದೊಡನೆ ಮೂವರೂ ನಕ್ಕರು. ಕಾಲಗಣನೆಗೆ ಈ ಕಥೆ ಒಗ್ಗದು. ಹುಯಿಯುವಾನ್ ತೀರಿಕೊಂಡಾಗ ಲು ಶ್ಯೂಜಿಂಗ್ ಹತ್ತು ವರ್ಷದ ಬಾಲಕ! ಆದರೂ ಚಿತ್ರಕಾರರು ಶತಮಾನಗಳ ಕಾಲ ಆ ನಗೆಯನ್ನು ಚಿತ್ರಿಸುತ್ತಲೇ ಬಂದರು.

ವಾಸ್ತವದಲ್ಲಿ ಆ ನಗೆ ಸುಲಭದ್ದಾಗಿರಲಿಲ್ಲ. ಭಾರತದಿಂದ ಬಂದ ಬೌದ್ಧ ಸಂನ್ಯಾಸವನ್ನು ಕನ್‌ಫ್ಯೂಷಿಯಸನ ಅನುಯಾಯಿಗಳು ಒಂದು ಪ್ರಶ್ನೆಯಿಂದ ತಡೆದರು: ತಂದೆತಾಯಿಯರಿತ್ತ ಕೇಶವನ್ನು ತೆಗೆಸಿ, ವಿವಾಹವನ್ನು ತೊರೆದು ಹೊರಡುವವನ ಮನೆಯಲ್ಲಿ ಪಿತೃಗಳಿಗೆ ಎಡೆಯಿಡುವವರಾರು? ತಾವೋ ಪಂಥದೊಡನೆ ಇದ್ದ ನಂಟು ಬೇರೆ ಬಗೆಯದು. ಆರಂಭದ ಅನುವಾದಕರು ನಿರ್ವಾಣವನ್ನು ತಿಳಿಸಲು ಆ ಪಂಥದ ‘ವೂವೈ’, ಅರ್ಥಾತ್ ಅಕ್ರಿಯೆ, ಎಂಬ ಪದವನ್ನೇ ಎರವಲು ಪಡೆದರು. ಮುಂದೆ ತಾವೋ ಪಂಥೀಯರು ಲಾವೋತ್ಸೆಯೇ ಪಶ್ಚಿಮಕ್ಕೆ ಹೋಗಿ ಬುದ್ಧನಾದನೆಂದು ಗ್ರಂಥ ರಚಿಸಿದಾಗ ಆ ಎರವಲಿಗೆ ಬಡ್ಡಿ ತೆರಬೇಕಾಯಿತು.

ಹುಯಿಯುವಾನ್ 404 ರಲ್ಲಿ ಒಂದು ಸಮಾಧಾನ ಸೂಚಿಸಿದನು. ಭಿಕ್ಷುವು ಅರಸನಿಗೆ ತಲೆಬಾಗಬೇಕಿಲ್ಲ. ಗೃಹಸ್ಥನಾದ ಉಪಾಸಕನು ಮಾತ್ರ ಅರಸನನ್ನೂ ತಂದೆತಾಯಿಯರನ್ನೂ ಗೌರವಿಸಲೇಬೇಕು. ಆದರೆ ಜನಸಾಮಾನ್ಯರ ಮನಸ್ಸನ್ನು ಗೆದ್ದುದು ವಿದ್ವಾಂಸರ ಈ ವಿಂಗಡಣೆಯಲ್ಲ, ಬುದ್ಧಶಿಷ್ಯ ಮೌದ್ಗಲ್ಯಾಯನನ ಕಥೆ. ಪ್ರೇತಯೋನಿಯಲ್ಲಿ ಹಸಿದಿದ್ದ ತಾಯಿಗೆ ಅವನಿತ್ತ ಅನ್ನ ಕೆಂಡವಾಯಿತು. ವರ್ಷಾವಾಸ ಮುಗಿಸಿದ ಸಂಘಕ್ಕೆ ಆಹಾರದಾನ ಮಾಡಿದ ಮೇಲೆಯೇ ಅವಳಿಗೆ ಬಿಡುಗಡೆ. ಮನೆ ತೊರೆದ ಮಗನೇ ತಾಯಿಯನ್ನು ಉದ್ಧರಿಸಿದನೆಂದ ಮೇಲೆ ಹಳೆಯ ಪ್ರಶ್ನೆಯ ಮೊನೆ ಮೊಂಡಾಯಿತು. ಏಳನೆಯ ತಿಂಗಳ ಹದಿನೈದರ ಆ ದಿನ ತಾವೋ ಪಂಥಕ್ಕೂ ಪರ್ವದಿನವೇ. ಅಂದು ಪಿತೃಗಳಿಗೆ ಎಡೆಯಿಡುವ ಕುಟುಂಬವು ಇದು ಯಾವ ಮತದ್ದೆಂದು ವಿಚಾರಿಸುವುದಿಲ್ಲ.

ಮನೆ ಒಪ್ಪಿದ್ದನ್ನು ಬೊಕ್ಕಸ ಒಪ್ಪಲಿಲ್ಲ. ತಾವೋ ಭಕ್ತನಾದ ತಾಂಗ್ ಚಕ್ರವರ್ತಿ ವೂಜೋಂಗ್ 845 ರಲ್ಲಿ 4,600 ವಿಹಾರಗಳನ್ನು ಕೆಡವಿಸಿ, 2,60,500 ಭಿಕ್ಷು ಭಿಕ್ಷುಣಿಯರನ್ನು ಗೃಹಸ್ಥರನ್ನಾಗಿಸಿ ತೆರಿಗೆಯ ಪಟ್ಟಿಗೆ ಸೇರಿಸಿದನು. ಕಂಚಿನ ಮೂರ್ತಿಗಳನ್ನು ನಾಣ್ಯಕ್ಕಾಗಿ ಕರಗಿಸಿದರು. ತೆರಿಗೆಯಿಲ್ಲದ ವಿಹಾರಭೂಮಿ ಅವನ ಕಣ್ಣಿಗೆ ಬಿದ್ದಿತ್ತು; ಮತದ್ವೇಷವೊಂದೇ ಇದರ ಕಾರಣವೆಂದರೆ ಲೆಕ್ಕ ಬಲ್ಲವರು ನಂಬಲಾರರು. ಮರುವರ್ಷ ಅವನು ಸತ್ತನು, ಮುಂದಿನ ಚಕ್ರವರ್ತಿ ಆಜ್ಞೆಯನ್ನು ಸಡಿಲಿಸಿದನು.

ಷಾನ್‌ಶಿ ಪ್ರಾಂತ್ಯದ ಹೆಂಗ್‌ಶಾನ್ ಪರ್ವತದಲ್ಲಿ ಕಡಿದಾದ ಬಂಡೆಗೆ ಅಂಟಿಕೊಂಡಂತೆ ಒಂದು ತೂಗುಮಂದಿರವಿದೆ. ಅದರ ಒಂದು ಕೋಣೆಯಲ್ಲಿ ಬುದ್ಧ, ಲಾವೋತ್ಸೆ, ಕನ್‌ಫ್ಯೂಷಿಯಸ್ ಮೂವರ ಮೂರ್ತಿಗಳೂ ಒಟ್ಟಿಗೆ ಇವೆ. ನಡುವಿನ ಆಸನ ಹೊರನಾಡಿನಿಂದ ಬಂದ ಬುದ್ಧನದು.