ಬೇಲಿನ ಮೇಲಿನ ಚಿಕ್ಕ ಕರ: ಹತ್ತಿ ಸಂಶೋಧನೆಯಲ್ಲಿ ಸಹಕಾರ

ಘಟಪ್ರಭೆಗೆ ಧುಪದಾಳದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಒಡ್ಡನ್ನು ಕಟ್ಟಲಾಯಿತು. ಅದರ ಕೆಳಗೆ, ಗೋಕಾಕ ಜಲಪಾತದ ಬಳಿ, ಅದೇ ಶತಮಾನದಲ್ಲಿ ನೂಲಿನ ಗಿರಣಿಯೂ ತಲೆಯೆತ್ತಿತು. ಇಂತಹ ಗಿರಣಿಗಳು ಬಳಸಿದ ಹತ್ತಿಗೂ ಹೊರದೇಶಕ್ಕೆ ಸಾಗಿದ ಹತ್ತಿಗೂ 1923ರ ಹತ್ತಿ ಸೆಸ್ಸಿನ ಕಾಯಿದೆಯು ಬೇಲಿಗೆ ಕೆಲವೇ ಆಣೆಗಳ ಕರವನ್ನು ವಿಧಿಸಿತು. ಆ ಹಣವು 1921ರಲ್ಲಿ ಸ್ಥಾಪಿತವಾಗಿದ್ದ ಭಾರತೀಯ ಕೇಂದ್ರ ಹತ್ತಿ ಸಮಿತಿಗೆ ಸಂದು, ಪ್ರಾಂತಗಳ ಸಂಶೋಧನ ಕೇಂದ್ರಗಳಿಗೆ ಸಹಾಯಧನವಾಗಿ ಹಂಚಿಕೆಯಾಯಿತು.

ಈ ಏರ್ಪಾಟಿನ ಮಹತ್ವವನ್ನು ನಾವು ಕೆಲಸದ ಹಂಚಿಕೆಯಲ್ಲಿ ಕಾಣುತ್ತೇವೆ. ಧಾರವಾಡದ ತಳಿತಜ್ಞರು ಸೊರಗು ರೋಗವನ್ನು ತಾಳಬಲ್ಲ ಕುಮಟಾ ಹತ್ತಿಯ ತಳಿಗಳನ್ನು ಆಯ್ದರು. 1924ರಲ್ಲಿ ಸಮಿತಿಯು ಮುಂಬಯಿಯ ಮಾತುಂಗದಲ್ಲಿ ತೆರೆದ ಪ್ರಯೋಗಾಲಯವು ಹೊಸ ತಳಿಗಳ ಅರಳೆಯನ್ನು ನೂತು ಪರೀಕ್ಷಿಸಿತು. ರೈತನಿಗೆ ಇಳುವರಿ ಬೇಕು, ಗಿರಣಿಗೆ ನೀಳವಾದ ಎಳೆ ಬೇಕು. ಎರಡನ್ನೂ ಒಂದೇ ಕೇಂದ್ರವು ನಿರ್ಣಯಿಸಲಾರದು.

ಸಮಿತಿಯು 1966ರಲ್ಲಿ ರದ್ದಾಯಿತು. ಮರುವರ್ಷವೇ ಅಖಿಲ ಭಾರತ ಸಮನ್ವಿತ ಹತ್ತಿ ಸುಧಾರಣಾ ಯೋಜನೆಯು ಆರಂಭವಾಯಿತು. 1972ರಲ್ಲಿ, ಹತ್ತಿಯ ಎರಡು ಪ್ರಭೇದಗಳನ್ನು ಕೂಡಿಸಿದ ವರಲಕ್ಷ್ಮಿ ಎಂಬ ಸಂಕರ ತಳಿಯು ಧಾರವಾಡದಿಂದಲೇ ಹೊರಬಂದಿತು. ಆದುದರಿಂದ ವಿಜ್ಞಾನದ ಇತಿಹಾಸವನ್ನು ಬರೆಯುವವರು ಮಹಾಶೋಧಗಳೊಡನೆ ಇಂತಹ ಚಿಕ್ಕ ಸಹಾಯಧನಗಳ ಲೆಕ್ಕಪತ್ರಗಳನ್ನೂ ಅವಲೋಕಿಸತಕ್ಕದ್ದೆಂದು ನಮ್ಮ ಅಭಿಪ್ರಾಯ.