ರೂಸಾಂ ಲವಣಗಳು: ಕಬ್ಬಿಣ, ಗಂಧಕ ಮತ್ತು ನೈಟ್ರಿಕ್ ಆಕ್ಸೈಡ್

1858ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಝಕಾರಿ ರೂಸಾಂ, ನೈಟ್ರೈಟ್, ಅಮೋನಿಯಂ ಸಲ್ಫೈಡ್ ಮತ್ತು ಕಬ್ಬಿಣದ ಲವಣವನ್ನು ಸೇರಿಸಿ ಕಾಯಿಸಿ ಕಪ್ಪು ಹರಳುಗಳನ್ನು ಪಡೆದರು. ಅವನ್ನು ಕ್ಷಾರದೊಂದಿಗೆ ಕಾಯಿಸಿದರೆ ಕೆಂಪು ಲವಣ ಸಿಗುತ್ತದೆ; ಕೆಂಪಿಗೆ ಆಮ್ಲ ಬೆರೆಸಿದರೆ ಮತ್ತೆ ಕಪ್ಪು. ಈ ಬಣ್ಣದಾಟ ಚೆಂದವಾಗಿತ್ತು, ಆದರೆ ಅಣುವಿನೊಳಗೆ ಏನಿದೆ ಎಂಬುದನ್ನು ಕಾಣಲು ಅಂದಿನವರಿಗೆ ದಾರಿಯಿರಲಿಲ್ಲ.

ಸರಿಯಾಗಿ ನೂರು ವರ್ಷಗಳ ನಂತರ, 1958ರಲ್ಲಿ, ಯೋಹಾನ್ಸನ್ ಮತ್ತು ಲಿಪ್ಸ್‌ಕೊಂಬ್ ಕಪ್ಪು ಲವಣದ ಸೀಸಿಯಂ ರೂಪದ ಮೇಲೆ ಎಕ್ಸ್‌ಕಿರಣ ಹಾಯಿಸಿ ರಚನೆಯನ್ನು ಬಿಡಿಸಿದರು. ತ್ರಿಕೋನ ತಳದ ಗೋಪುರದಂತೆ ನಾಲ್ಕು ಕಬ್ಬಿಣಗಳು, ಅವುಗಳ ನಡುವೆ ಮೂರು ಗಂಧಕ. ತುದಿಯ ಕಬ್ಬಿಣಕ್ಕೆ ಒಂದು ನೈಟ್ರಿಕ್ ಆಕ್ಸೈಡ್, ತಳದ ಮೂರಕ್ಕೂ ಎರಡೆರಡು, ಒಟ್ಟು ಏಳು. ಕೆಂಪು ಲವಣದಲ್ಲಿ ಎರಡು ಕಬ್ಬಿಣ, ಎರಡು ಗಂಧಕ, ನಾಲ್ಕು ನೈಟ್ರಿಕ್ ಆಕ್ಸೈಡ್. ಅದರ ಗಂಧಕಕ್ಕೆ ಇಂಗಾಲದ ಗುಂಪು ಸೇರಿದರೆ ಕೆಂಪು ಎಸ್ಟರ್.

ಅಷ್ಟಾದರೂ ಇವು ಪಠ್ಯಪುಸ್ತಕದ ಕುತೂಹಲಗಳಾಗಿಯೇ ಉಳಿಯುತ್ತಿದ್ದವೇನೋ. ಅವನ್ನು ಹೊರಗೆಳೆದದ್ದು ಮಾಂಸ ಸಂರಕ್ಷಣೆಯ ಪ್ರಶ್ನೆ. ಮಾಂಸ ಕೆಡದಂತೆ ಬಳಸುವ ನೈಟ್ರೈಟನ್ನು ಪೋಷಕ ದ್ರಾವಣದಲ್ಲಿ ಸೇರಿಸಿ ಕಾಯಿಸಿದರೆ, ಕಾಯಿಸದೆ ಬೆರೆಸಿದ್ದಕ್ಕಿಂತ ಸುಮಾರು ಹತ್ತು ಪಟ್ಟು ಬಲವಾಗಿ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾದ ಬೆಳವಣಿಗೆ ತಡೆಯಲ್ಪಡುತ್ತದೆಂದು ಪೆರಿಗೊ ಮತ್ತು ಸಂಗಡಿಗರು 1967ರಲ್ಲಿ ತೋರಿಸಿದರು. ಕಾಯುವಾಗ ಹುಟ್ಟುವ ಆ ವಸ್ತು ಯಾವುದೆಂಬ ಹುಡುಕಾಟದಲ್ಲಿ ಕಪ್ಪು ಲವಣದ ಹೆಸರು ಮುಂದೆ ಬಂತು. ಮಾಂಸದಲ್ಲಿ ಮಾತ್ರ ಈ ಪರಿಣಾಮ ದ್ರಾವಣದಲ್ಲಿ ಕಂಡಷ್ಟು ಗಟ್ಟಿಯಾಗಿ ಕಾಣಲಿಲ್ಲ. ಚೀನಾದ ಉಪ್ಪಿನಕಾಯಿ ತರಕಾರಿಗಳಲ್ಲಿ ಕೆಂಪು ಮೀಥೈಲ್ ಎಸ್ಟರ್ ದೊರೆತ ವರದಿಯೂ ಬಂತು; ಅನ್ನನಾಳದ ಕ್ಯಾನ್ಸರ್ ಹೆಚ್ಚಿದ್ದ ಪ್ರದೇಶದ ಆಹಾರವದು, ಹಾಗಾಗಿ ಆತಂಕ ಸಹಜವೇ.

ನಿಜವಾದ ತಿರುವು ಬಂದದ್ದು ನೈಟ್ರಿಕ್ ಆಕ್ಸೈಡ್ ನಮ್ಮ ರಕ್ತನಾಳಗಳೇ ಉತ್ಪಾದಿಸುವ ಸಂದೇಶವಾಹಕವೆಂದು 1980ರ ದಶಕದಲ್ಲಿ ತಿಳಿದಾಗ. ಫರ್ಚ್‌ಗಾಟ್, ಇಗ್ನಾರೊ, ಮುರಾಡ್ ಅವರಿಗೆ 1998ರ ನೊಬೆಲ್ ಬಂದದ್ದು ಈ ವಿಷಯಕ್ಕೇ. ಒಂದೇ ಅಣುವಿನಲ್ಲಿ ಏಳು ನೈಟ್ರಿಕ್ ಆಕ್ಸೈಡ್ ಹೊತ್ತ ಲವಣ ಹೊಸ ಕಣ್ಣಿಗೆ ಭಂಡಾರವಾಗಿ ಕಂಡಿತು. ಫ್ಲಿಟ್ನಿ ಮತ್ತು ಬಟ್ಲರ್ ತಂಡ ಸ್ಕಾಟ್ಲೆಂಡಿನಲ್ಲಿ ಇಲಿಯ ಬಾಲದ ಅಪಧಮನಿಗೆ ಇದನ್ನು ನೀಡಿದಾಗ ನಾಳ ಹಿಗ್ಗಿತು. ಲವಣವನ್ನು ತೊಳೆದುಹಾಕಿದರೂ ಹಿಗ್ಗುವಿಕೆ ಬಹಳ ಹೊತ್ತು ಉಳಿಯಿತು, ಏಕೆಂದರೆ ಲವಣದ ಕಬ್ಬಿಣ-ಗಂಧಕ ಗುಚ್ಛ ನಾಳದ ಒಳಪದರದ ಜೀವಕೋಶಗಳಲ್ಲಿ ಸೇರಿಕೊಂಡಿತ್ತು.

ಸಾಂತಾ ಬಾರ್ಬರಾದ ಪೀಟರ್ ಫೋರ್ಡ್ ಬಳಗ ಬೆಳಕನ್ನು ಕೀಲಿಯಾಗಿಸಿತು. ಬೆಳಕು ಬಿದ್ದರೆ ಎರಡೂ ಲವಣಗಳು ನೈಟ್ರಿಕ್ ಆಕ್ಸೈಡ್ ಬಿಡುತ್ತವೆ, ಕೆಂಪು ಹೆಚ್ಚು ದಕ್ಷವಾಗಿ. 1997ರ ಪ್ರಯೋಗದಲ್ಲಿ, ಹೀಗೆ ಬಿಟ್ಟ ಅನಿಲ ಆಮ್ಲಜನಕದ ಕೊರತೆಯ ಜೀವಕೋಶಗಳನ್ನು ಗಾಮಾ ವಿಕಿರಣಕ್ಕೆ ಬಲಿಯಾಗುವಂತೆ ಮಾಡಿತು. ಆಮ್ಲಜನಕವಿಲ್ಲದ ಗಡ್ಡೆಗಳು ವಿಕಿರಣಕ್ಕೆ ಜಗ್ಗದಿರುವುದು ಚಿಕಿತ್ಸೆಯ ಹಳೆಯ ತೊಡಕು. ಗೋಚರ ಬೆಳಕು ಅಂಗಾಂಶದಲ್ಲಿ ಆಳಕ್ಕಿಳಿಯದು. ಅದಕ್ಕೆ 980 ನ್ಯಾನೋಮೀಟರ್‌ನ ಅವಕೆಂಪು ಕಿರಣವನ್ನು ಗೋಚರ ಬೆಳಕಾಗಿಸುವ ನ್ಯಾನೋಕಣಗಳನ್ನು ಜೊತೆಗೂಡಿಸಿದರು. ಇನ್ನೂ ಇದು ಔಷಧವಾಗಿಲ್ಲ; ಅನಿಲ ಬಿಟ್ಟ ಮೇಲೆ ಉಳಿಯುವ ಕಬ್ಬಿಣ-ಗಂಧಕದ ಅವಶೇಷ ಸುಲಭದ ಸಮಸ್ಯೆಯಲ್ಲ.

ನನ್ನ ದೃಷ್ಟಿಯಲ್ಲಿ ಹೆಚ್ಚಿನ ಫಲ ಬಂದಿರುವುದು ಜೀವಶಾಸ್ತ್ರದಲ್ಲಿ. ಪ್ರೋಟೀನಿನ ಕಬ್ಬಿಣ-ಗಂಧಕ ಗುಚ್ಛಕ್ಕೆ ನೈಟ್ರಿಕ್ ಆಕ್ಸೈಡ್ ತಗುಲಿದಾಗ ಕೆಂಪು ಎಸ್ಟರ್‌ನಂಥ ರೂಪಗಳೇ ಹುಟ್ಟುತ್ತವೆ. ಇ. ಕೋಲಿ ಬ್ಯಾಕ್ಟೀರಿಯಾದ ಸಾಕ್ಸ್‌ಆರ್ ಪ್ರೋಟೀನು ಇಂಥ ಬದಲಾವಣೆಯಿಂದಲೇ ಅಪಾಯವನ್ನು ಗುರುತಿಸಿ ರಕ್ಷಣಾ ವಂಶವಾಹಿಗಳನ್ನು ಎಬ್ಬಿಸುತ್ತದೆ. ಕೆಟ್ಟ ಗುಚ್ಛವನ್ನು ಸಿಸ್ಟೀನಿನಿಂದ ಗಂಧಕ ಕಿತ್ತುಕೊಡುವ ಕಿಣ್ವದ ನೆರವಿನಿಂದ ಮತ್ತೆ ಕಟ್ಟಬಹುದೆಂದೂ ಇದೇ ಜೀವಿಯ ಅಧ್ಯಯನ ತೋರಿಸಿದೆ.